ಹಾಡಿನಲ್ಲಿ ದಾಟಿಹೋದ ನಾಲ್ಕು ತಿಂಗಳು: ದಾವಣಗೆರೆಯ ಒಂದು ಪಿಯು ತರಗತಿ, ಒಂದು ಸಾವು, ಒಂದು ಸಿನಿಮಾ

ಇದು ದಾವಣಗೆರೆಯ ಒಂದು ಪದವಿಪೂರ್ವ ಕಾಲೇಜಿನ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಪ್ರಕರಣ. ಮಕ್ಕಳ ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದೆ. ಇಂಥ ತರಗತಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಒಂದೇ ಸನ್ನಿವೇಶವಾಗಿ ಹೆಣೆದಿದೆ. ಹೆಸರುಗಳಿಲ್ಲ. ಮೂವರ ಮಾತು ಪದೇ ಪದೇ ಬರುವುದರಿಂದ ಅವರನ್ನು ದಡದ ಹುಡುಗ, ಓಣಿಯ ಹುಡುಗಿ, ಹಾಸ್ಟೆಲ್ ಹುಡುಗ ಎಂದು ಕರೆದಿದೆ.

ನಡೆದದ್ದು

ಆಗಸ್ಟ್ ತಿಂಗಳ ಒಂದು ಭಾನುವಾರ. ಮುಂಗಾರು ಬೆಳೆಗೆ ಬಿಟ್ಟ ನೀರು ಭದ್ರಾ ನಾಲೆಯಲ್ಲಿ ತುಂಬಿ ಹರಿಯುತ್ತಿತ್ತು. ಟ್ಯೂಷನ್ ಮುಗಿಸಿದ ಮೂವರು ಹುಡುಗರು ಎರಡು ಸೈಕಲ್ ಮೇಲೆ ಹೋಗಿ ನಾಲೆ ಏರಿಯಲ್ಲಿ ಕೂತರು. ಈಜಲು ಯಾರೂ ಇಳಿಯಲಿಲ್ಲ, ಈಜು ಯಾರಿಗೂ ಬರುತ್ತಿರಲಿಲ್ಲ. ಕೆಸರಾದ ಚಪ್ಪಲಿ ತೊಳೆದುಕೊಂಡು ಬರುತ್ತೇನೆಂದು ಒಬ್ಬ ಇಳಿದ. ನಾಲೆಯ ಒಳಮೈ ಸಿಮೆಂಟಿನ ಇಳಿಜಾರು. ನೀರು ತಾಗುವ ಗೆರೆಯಲ್ಲಿ ಪಾಚಿ ಕಟ್ಟಿರುತ್ತದೆ. ಕಾಲು ಜಾರಿದರೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಬಿದ್ದವನು ಬಿದ್ದ ಜಾಗದಲ್ಲೂ ಇರುವುದಿಲ್ಲ, ನೀರು ಎಳೆದುಕೊಂಡು ಹೋಗುತ್ತದೆ. ದಡದ ಹುಡುಗ ಏರಿಯ ಉದ್ದಕ್ಕೂ ಕೂಗುತ್ತಾ ಓಡಿದ, ಸೊಂಟದ ಬೆಲ್ಟ್ ಬಿಚ್ಚಿ ಎಸೆದ. ಹಾಸ್ಟೆಲ್ ಹುಡುಗ ಜನರನ್ನು ಕರೆಯಲು ರಸ್ತೆ ಕಡೆ ಓಡಿದ. ದೇಹ ಸಿಕ್ಕಿದ್ದು ಮರುದಿನ.

ಕಾಲೇಜು ಮಾಡಬೇಕಾದದ್ದನ್ನು ಮಾಡಿತು. ಸಂತಾಪ ಸಭೆ, ಎರಡು ನಿಮಿಷ ಮೌನ, ಒಂದು ದಿನ ರಜೆ. ಶಿವಗಣಾರಾಧನೆಗೆ ತರಗತಿಯ ಹುಡುಗರು ಹೋಗಿಬಂದರು. ಹುಡುಗಿಯರನ್ನು ಮನೆಯವರು ಕಳಿಸಲಿಲ್ಲ. ಓಣಿಯ ಹುಡುಗಿ ತೀರಿಕೊಂಡವನ ಜೊತೆ ಅಂಗನವಾಡಿಯಿಂದ ಕೂಡಿ ಆಡಿ ಬೆಳೆದವಳು. ಅವಳು ಎರಡನೇ ದಿನವೂ ಅತ್ತಾಗ ಮನೆಯಲ್ಲಿ ಕೇಳಿದ್ದು: "ಅವನಿಗೂ ನಿನಗೂ ಏನು?" ಅಲ್ಲಿಗೆ ಅವಳು ಅಳುವುದನ್ನು ನಿಲ್ಲಿಸಿದಳು. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎಂಬ ವಿದ್ವಾಂಸ 1989ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಹಕ್ಕು ಕಳೆದುಕೊಂಡ ಶೋಕ ಎಂದು ಅದನ್ನು ಹೇಳಬಹುದು. ನಮ್ಮ ಊರುಗಳಲ್ಲಿ ಗೆಳೆಯನನ್ನು ಕಳೆದುಕೊಂಡ ಹುಡುಗಿಯ ದುಃಖ ಬಹುಪಾಲು ಈ ಲೆಕ್ಕಕ್ಕೇ ಬರುತ್ತದೆ.

ಮೂರನೇ ವಾರ ಯಾರೋ ಅವನು ಕೂರುತ್ತಿದ್ದ ಬೆಂಚನ್ನು ಎತ್ತಿಸಿ ಬೇರೆ ಕೋಣೆಗೆ ಹಾಕಿಸಿದರು. ಮಕ್ಕಳು ನೋಡಿ ನೋಡಿ ನೊಂದುಕೊಳ್ಳಬಾರದೆಂಬ ಕಾಳಜಿಯಿಂದಲೇ ಮಾಡಿದ್ದು. ಆದರೆ ಬೆಳಿಗ್ಗೆ ಬಂದ ಮಕ್ಕಳಿಗೆ ಕಂಡದ್ದು ಅವನನ್ನು ಎರಡನೇ ಸಲ ಹೊತ್ತೊಯ್ದಂತೆ. ಬೆಂಚು ಎಷ್ಟು ದಿನ ಖಾಲಿ ಇರಬೇಕು, ಆಮೇಲೆ ಯಾರು ಕೂರಬೇಕು ಎಂಬುದನ್ನು ತರಗತಿಯನ್ನೇ ಕೇಳಿ ತೀರ್ಮಾನಿಸಬೇಕು. ಹಾಜರಿಯ ವಿಷಯವೂ ಹೀಗೇ. 33 ಆದ ಮೇಲೆ 34 ಬರುವಾಗ ಒಬ್ಬೊಬ್ಬ ಉಪನ್ಯಾಸಕರೂ ತಡವರಿಸುತ್ತಿದ್ದರು, ಇಡೀ ತರಗತಿ ಆ ಒಂದು ಕ್ಷಣಕ್ಕಾಗಿ ಉಸಿರು ಹಿಡಿದು ಕಾಯುತ್ತಿತ್ತು. ಕ್ರಮಸಂಖ್ಯೆ ಬದಲಿಸದೆ, 33 ಆದ ಕೂಡಲೇ ನಿಲ್ಲದೆ 35 ಎನ್ನಬೇಕೆಂದು ಎಲ್ಲರಿಗೂ ಹೇಳಿದ ಮೇಲೆ ಅದು ಸರಿಹೋಯಿತು.

ಮೊದಲ ಪ್ರದರ್ಶನ

ಐದನೇ ವಾರದ ಹೊತ್ತಿಗೆ ಕಿರುಪರೀಕ್ಷೆಯಲ್ಲಿ ತರಗತಿಯ ಅಂಕ ಇಳಿದಿತ್ತು. ಮಕ್ಕಳ ಮನಸ್ಸು ಹಗುರ ಮಾಡಲು ಒಂದು ಸಿನಿಮಾ ತೋರಿಸೋಣ ಎಂಬ ಮಾತು ಬಂತು. ಆಪ್ತ ಗೆಳತಿಯನ್ನು ಕಳೆದುಕೊಂಡು ಮಾತು ಬಿಟ್ಟ 17ರ ಹುಡುಗಿ, ಹೊಸ ಶಾಲೆಯಲ್ಲಿ ಸಿಕ್ಕ ಇಬ್ಬರ ಸ್ನೇಹದಿಂದ ಮತ್ತೆ ನಗುತ್ತಾಳೆ ಎಂಬ ಕಥೆ. ಅವಧಿ 1 ಗಂಟೆ 52 ನಿಮಿಷ. ಆಲೋಚನೆ ಒಳ್ಳೆಯದೇ ಇತ್ತು. ಹದಿಹರೆಯದವರು ನೇರ ಕೇಳಿದರೆ ಬಾಯಿ ಬಿಡುವುದಿಲ್ಲ, ಪರದೆಯ ಮೇಲಿನ ಇನ್ನೊಬ್ಬರ ಬಗ್ಗೆ ಕೇಳಿದರೆ ತಮ್ಮದನ್ನೂ ಹೇಳುತ್ತಾರೆ.

ತೋರಿಸಿದ್ದು ಶನಿವಾರ 11ರಿಂದ 1 ಗಂಟೆ, ಸೆಮಿನಾರ್ ಹಾಲ್‌ನಲ್ಲಿ. ಮೂರು ವಿಭಾಗಗಳ ಸುಮಾರು 180 ಮಕ್ಕಳು. ಕಿಟಕಿಗೆ ಕಪ್ಪು ಪರದೆ. ಬೆಳಕು ಬರಬಾರದೆಂದು ಬಾಗಿಲಿಗೆ ಒಳಗಿನಿಂದ ಚಿಲಕ. ಯಾಕೆ ತೋರಿಸುತ್ತಿದ್ದೇವೆ, ಕಥೆ ಏನು ಎಂದು ಯಾರೂ ಹೇಳಲಿಲ್ಲ. ಆಯ್ದವರು ಟ್ರೇಲರ್ ನೋಡಿದ್ದರೇ ಹೊರತು ಪೂರ್ತಿ ಸಿನಿಮಾ ನೋಡಿರಲಿಲ್ಲ. 46ನೇ ನಿಮಿಷಕ್ಕೆ ನೆನಪಿನ ದೃಶ್ಯ ಶುರುವಾಯಿತು: ಗೆಳತಿ ಕಾಲು ಜಾರಿ ನೀರಿಗೆ ಬೀಳುವುದು.

ದಡದ ಹುಡುಗ ಎದ್ದ. ಸಾಲಿನ ನಡುವೆ ಕೂತಿದ್ದರಿಂದ ಹತ್ತು ಜನರ ಮೊಣಕಾಲು ದಾಟಿ ಬಾಗಿಲಿಗೆ ಬರಬೇಕಾಯಿತು. ಕತ್ತಲಲ್ಲಿ ಚಿಲಕ ಕೈಗೆ ಸಿಗಲಿಲ್ಲ. ಅಲ್ಲೇ ವಾಂತಿಯಾಯಿತು. ಹಿಂದೆ ಯಾರೋ ನಕ್ಕರು. ಗಾಬರಿಯಾದಾಗ ಈ ವಯಸ್ಸಿನವರಿಗೆ ನಗು ಬಂದುಬಿಡುತ್ತದೆ, ಅದರಲ್ಲಿ ದುರುದ್ದೇಶ ಇರುವುದಿಲ್ಲ. ಆದರೂ ಅವನ ಕಿವಿಗೆ ಬಿದ್ದದ್ದು ನಗು. 50ನೇ ನಿಮಿಷಕ್ಕೆ ಸಿನಿಮಾ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಮುಂದಿನ 9 ದಿನ ಅವನು ಕಾಲೇಜಿಗೆ ಬರಲಿಲ್ಲ.

ಇಲ್ಲಿ ಕೆಟ್ಟದ್ದನ್ನು ಬಿಡಿಸಿ ನೋಡಬೇಕು, ಯಾಕೆಂದರೆ ಇಂಥದ್ದು ಆದ ಮೇಲೆ "ಸಿನಿಮಾ ಗಿನಿಮಾ ಬೇಡ" ಎಂದು ಕೈಬಿಡುವುದೇ ಹೆಚ್ಚು. ದೃಶ್ಯವನ್ನು ಮೊದಲೇ ನೋಡದಿದ್ದದ್ದು ಮೊದಲ ತಪ್ಪು. ಮಕ್ಕಳಿಗೆ ತೋರಿಸುವವರು ಸಿನಿಮಾವನ್ನು ಎರಡು ಸಲ ನೋಡಬೇಕು. ಮೊದಲ ಸಲ ಗಡಿಯಾರ ಇಟ್ಟುಕೊಂಡು ಸಾವು, ಆಸ್ಪತ್ರೆ, ನೀರು, ಅಂತ್ಯಕ್ರಿಯೆ ಬರುವ ನಿಮಿಷಗಳನ್ನು ಬರೆದುಕೊಳ್ಳಬೇಕು. ಎರಡನೇ ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಬೇಕು. ಕಣ್ಣನ್ನು ಮುಚ್ಚಿಕೊಳ್ಳಬಹುದು, ಕಿವಿಯನ್ನು ಮುಚ್ಚಿಕೊಳ್ಳಲಾಗದು. ಆ ಹುಡುಗನನ್ನು ಎಬ್ಬಿಸಿದ್ದು ಚಿತ್ರಕ್ಕಿಂತ ಹೆಚ್ಚಾಗಿ ನೀರು ಬಡಿಯುವ ಸದ್ದು. ಅದು ಚಿತ್ರಕ್ಕಿಂತ ಒಂದೆರಡು ಸೆಕೆಂಡು ಮುಂಚೆಯೇ ಶುರುವಾಗುತ್ತದೆ. ಸೆನ್ಸಾರ್ ಗುರುತು ನೋಡಿಕೊಂಡರೆ ಸಾಕು ಎಂಬ ನಂಬಿಕೆಯೂ ಸರಿಯಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಯುಎ 7+, 13+, 16+ ಎಂಬ ವಿಂಗಡಣೆ ಬಂದಿದೆ, ಒಳ್ಳೆಯದೇ. ಆದರೆ ಅದು ವಯಸ್ಸನ್ನು ಹೇಳುತ್ತದೆಯೇ ಹೊರತು ನಿಮ್ಮ ತರಗತಿಯಲ್ಲಿ ಕಳೆದ ತಿಂಗಳು ಏನಾಯಿತೆಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಎರಡನೆಯದು ಬಾಗಿಲು. ಎದ್ದು ಹೋಗಲು ದಾರಿ ಇದೆ ಎಂದು ಗೊತ್ತಿದ್ದರೆ ಎಷ್ಟೋ ಮಕ್ಕಳು ಏಳುವುದೇ ಇಲ್ಲ. ಮೂರನೆಯದು ಹೊತ್ತು: ಮುಗಿದ ಕೂಡಲೇ ಮನೆಗೆ, ನಡುವೆ ಭಾನುವಾರ. ಕಲಕಿದ ಮನಸ್ಸನ್ನು ಹೊತ್ತುಕೊಂಡು ಒಂದೂವರೆ ದಿನ ಒಂಟಿಯಾಗಿ ಇರಬೇಕು.

ಮನೆ ಭೇಟಿ

ಮೂರನೇ ದಿನ ತರಗತಿ ಮಾರ್ಗದರ್ಶಿ ಉಪನ್ಯಾಸಕರೂ ಆಪ್ತಸಮಾಲೋಚಕರೂ ಅವನ ಮನೆಗೆ ಹೋದರು. ಮೊದಲು ಹೇಳಿದ್ದು ಕ್ಷಮೆಯ ಮಾತು: "ಬಾಗಿಲು ಹಾಕಿದ್ದು ನಮ್ಮ ತಪ್ಪು, ಏನು ತೋರಿಸ್ತೀವಿ ಅಂತ ಹೇಳದೇ ಇದ್ದದ್ದೂ ನಮ್ಮ ತಪ್ಪು." ಸಮಾಧಾನ ಹೇಳಲು ಹೋದವರು ಈ ಮಾತನ್ನು ಬಿಟ್ಟುಬಿಡುವುದುಂಟು. ಬಿಟ್ಟರೆ ಹುಡುಗ ತಾನು ಎಲ್ಲರೆದುರು ಮಾನ ಕಳೆದುಕೊಂಡೆ ಎಂಬಲ್ಲೇ ಉಳಿದುಬಿಡುತ್ತಾನೆ.

ಅರ್ಧ ಗಂಟೆ ಬಿಟ್ಟು ಅವನು ಹೇಳಿದ್ದು ಒಂದೇ: "ನಾನೇ ಸರ್ ಬಾರ್ಲೇ ಅಂದಿದ್ದು. ಅವ್ನು ಮನಿಗೆ ಹೋಗ್ತೀನಿ ಅಂತಿದ್ದ."

"ನಿಂದೇನೂ ತಪ್ಪಿಲ್ಲ ಬಿಡಪ್ಪ" ಎಂದು ಯಾರಿಗಾದರೂ ಬಾಯಿಗೆ ಬರುವ ಜಾಗ ಇದು. ಅವನ ತಾಯಿ, ಮಾವ, ಓಣಿಯವರು ಎಲ್ಲರೂ ಅದನ್ನೇ ಹೇಳಿದ್ದರು. ಅಷ್ಟು ಬೇಗ ಹಾಗೆಂದರೆ ಮಗುವಿಗೆ ಕೇಳಿಸುವುದು "ಆ ಮಾತು ನಮ್ಮ ಹತ್ತಿರ ಎತ್ತಬೇಡ" ಎಂದು. ಸಮಾಲೋಚಕರು ಅದರ ಬದಲು ಒಂದು ಬಿಳಿ ಹಾಳೆಯ ಮೇಲೆ ರೊಟ್ಟಿಯಗಲದ ವೃತ್ತ ಹಾಕಿಸಿದರು. ಆ ದಿನ ಸಾವಿಗೆ ಏನೇನು ಕಾರಣವಾಯಿತೋ ಒಂದೊಂದಾಗಿ ಪಕ್ಕದಲ್ಲಿ ಬರೆಯಬೇಕು, ಒಂದೊಂದಕ್ಕೂ ವೃತ್ತದಲ್ಲಿ ಒಂದು ಹೋಳು ಕೊಡಬೇಕು. ತುಂಬಿದ ನೀರು. ಪಾಚಿ. ಹತ್ತಿರದಲ್ಲಿ ಮೆಟ್ಟಿಲಿಲ್ಲ. ಹಿಡಿಯಲು ಸರಪಳಿಯಿಲ್ಲ. ಹಿಂದಿನ ದಿನದ ಮಳೆ, ಕೆಸರು. ಚಪ್ಪಲಿ ತೊಳೆಯಬೇಕೆಂದು ಅವನಿಗೇ ಅನ್ನಿಸಿದ್ದು. ಯಾರಿಗೂ ಈಜು ಬಾರದ್ದು. ಕೊನೆಗೆ, ಕೊನೆಯಲ್ಲಿ ಮಾತ್ರ, "ನಾನು ಕರೆದದ್ದು". ಈ ಕ್ರಮ ತಪ್ಪಬಾರದು. ತನ್ನ ಹೋಳನ್ನು ಮೊದಲು ಹಾಕಿದರೆ ಮಗು ಅರ್ಧ ವೃತ್ತ ತನಗೇ ಇಟ್ಟುಕೊಂಡು ಉಳಿದದ್ದನ್ನು ಹಂಚುತ್ತದೆ.

ಅವನಿಗೆ ಉಳಿದದ್ದು ಹೆಬ್ಬೆರಳಗಲದ ಚೂರು. ಅವನು ಒಪ್ಪಲಿಲ್ಲ, ರಬ್ಬರ್ ತೆಗೆದುಕೊಂಡು ಅಳಿಸಿ ದೊಡ್ಡದು ಮಾಡಿದ. ಸಮಾಲೋಚಕರು ತಡೆಯಲಿಲ್ಲ. ಮುಂದಿನ ವಾರ ಮತ್ತೆ ಅದೇ ಹಾಳೆ, ಅದರ ಮುಂದಿನ ವಾರ ಮತ್ತೆ. ಮೂರನೇ ಭೇಟಿಯ ಹೊತ್ತಿಗೆ ಆ ಗೆರೆ ಇದ್ದ ಜಾಗದಲ್ಲಿ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು, ಹೋಳು ಸುಮಾರು ಮೊದಲಿನಷ್ಟಕ್ಕೇ ಬಂದಿತ್ತು. ಪೂರ್ತಿ ಅಳಿಸಿಹಾಕು ಎಂದು ಯಾರೂ ಹೇಳಲಿಲ್ಲ. ಕರೆದದ್ದು ನಿಜ. ನಿಜವನ್ನು ಅದರ ಅಳತೆಗೆ ತರುವುದಷ್ಟೇ ಕೆಲಸ.

ಕಾಲೇಜಿಗೆ ಮರಳಿದ್ದು ಹಂತಹಂತವಾಗಿ. ಮೊದಲ ಮೂರು ದಿನ ಮಧ್ಯಾಹ್ನದವರೆಗೆ ಮಾತ್ರ. ಗೇಟಿನ ಬಳಿ ಕಾಯಲು ಒಬ್ಬ ಗೆಳೆಯ. ಜೇಬಿನಲ್ಲಿ ಒಂದು ಹಳದಿ ಚೀಟಿ. ಅದನ್ನು ತೋರಿಸಿದರೆ ಯಾವ ಉಪನ್ಯಾಸಕರೂ ಕಾರಣ ಕೇಳದೆ ಹತ್ತು ನಿಮಿಷ ಹೊರಗೆ ಬಿಡಬೇಕು, ಅವನು ಗ್ರಂಥಾಲಯದ ಪಕ್ಕದ ಕಟ್ಟೆಯ ಮೇಲೆ ಮಾತ್ರ ಕೂತಿರಬೇಕು. ಮೊದಲ ವಾರ ಆರು ಸಲ ತೋರಿಸಿದ. ನಾಲ್ಕನೇ ವಾರ ಒಂದೇ ಸಲ.

ಎರಡನೇ ಪ್ರದರ್ಶನ

ಮತ್ತೆ ಸಿನಿಮಾದ ಮಾತೆತ್ತಿದ್ದು ಓಣಿಯ ಹುಡುಗಿ. ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು: "ಮಿಸ್, ಆಮೇಲೆ ಆ ಹುಡುಗಿ ಏನಾದ್ಲು?" ಅರ್ಧಕ್ಕೆ ನಿಂತ ಸಿನಿಮಾದಲ್ಲಿ ಗೆಳತಿ ಸತ್ತಿದ್ದಾಳೆ, ಉಳಿದವಳು ಏನಾದಳೋ ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದದ್ದೇ ಆ ಉಳಿದ ಅರ್ಧ.

ಈ ಸಲ ಕಡ್ಡಾಯ ಇಲ್ಲ. ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು, ನೀರಿನ ದೃಶ್ಯ ಇದೆ, ಅದನ್ನು ತೋರಿಸುವುದಿಲ್ಲ ಎಂದು ಸೇರಿಸಿ, ಪೋಷಕರ ಸಹಿ ತರಿಸಿಕೊಂಡರು. ಬಂದವರು 14 ಮಂದಿ. ಇಪ್ಪತ್ತು ದಾಟಿದರೆ ಮಾತು ಹುಟ್ಟುವುದಿಲ್ಲ. ಸಾಮಾನ್ಯ ತರಗತಿ ಕೋಣೆ, ಕುರ್ಚಿಗಳು ಅರ್ಧ ಚಂದ್ರಾಕಾರದಲ್ಲಿ, ಒಂದು ಸಾಲು ಟ್ಯೂಬ್‌ಲೈಟ್ ಹಾಕಿಯೇ ಇತ್ತು. ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಟ್ಟು ಅರ್ಧ ತೆರೆದಿಟ್ಟರು. ದೊಡ್ಡವರು ಇಬ್ಬರು, ಒಬ್ಬರು ಪ್ರೊಜೆಕ್ಟರ್ ಬಳಿ, ಇನ್ನೊಬ್ಬರು ಬಾಗಿಲ ಬಳಿ. ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಮುಗಿದ ಮೇಲೆ ಊಟದ ಬಿಡುವು, ಆಮೇಲೆ ಮತ್ತೆ ಎಂದಿನ ತರಗತಿ. ಮೂರು ಬುಧವಾರ, ಮೂರು ಭಾಗ. (ಶಿಕ್ಷಣ ಸಂಸ್ಥೆಯೊಳಗೆ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ಸಿನಿಮಾ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಹೊರಗಿನವರನ್ನು ಕರೆದರೆ, ಟಿಕೆಟ್ ಇಟ್ಟರೆ ಅದು ಅನ್ವಯಿಸದು.)

ಮೊದಲ ದಿನ 38 ನಿಮಿಷ. ಎರಡನೇ ದಿನ 46ರಿಂದ 53ನೇ ನಿಮಿಷದವರೆಗೆ ದಾಟಿಸುವ ಮುನ್ನ ಬಾಯಿಮಾತಿನಲ್ಲಿ ಹೇಳಿದರು: "ಈಗ ಏಳು ನಿಮಿಷ ಬಿಡ್ತೀವಿ. ಅದರಲ್ಲಿ ಗೆಳತಿ ನೀರಿಗೆ ಬಿದ್ದು ಸಾಯ್ತಾಳೆ." ಸಾಯುತ್ತಾಳೆ ಎಂದೇ ಹೇಳಬೇಕು. ಹೋದಳು, ಕಾಣೆಯಾದಳು, ದೇವರ ಹತ್ತಿರ ಹೋದಳು ಎಂದು ಮಾತನ್ನು ಮೆತ್ತಗೆ ಮಾಡಿದಷ್ಟೂ ಕೇಳುವವರ ಗಾಬರಿ ಹೆಚ್ಚುತ್ತದೆ.

ನೋಡಿದ ಮೇಲೆ 25 ನಿಮಿಷ ಮಾತು. "ನಿಮಗೇನು ಅನ್ನಿಸ್ತು?" ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. "ಅವಳ ಅಮ್ಮ ಕೋಣೆಯ ಬಾಗಿಲ ತನಕ ಬಂದು ವಾಪಸ್ ಹೋದರಲ್ಲ, ಯಾಕೆ?" ಎಂದಾಗ ನಾಲ್ಕು ಕೈ ಎದ್ದವು. ಪಾತ್ರದ ಬಗ್ಗೆ, ಅದೂ ಪಾತ್ರ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಕೇಳಬೇಕು. ಓಣಿಯ ಹುಡುಗಿಯ ಉತ್ತರ: "ಒಳಗೆ ಬಂದ್ರೆ ತಾನೂ ಅಳಬೇಕಾಗುತ್ತೆ ಅಂತ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಅಮ್ಮನೂ ಹಂಗೇ ಇರ್ಬೇಕು" ಎಂದಳು.

ಆ ಹಾಡು

ಮೂರನೇ ಭಾಗ ಶುರುವಾಗುವುದೇ ಒಂದು ಹಾಡಿನಿಂದ. 79ನೇ ನಿಮಿಷದಿಂದ 83ರವರೆಗೆ. ಹಾಡು ಶುರುವಾದಾಗ ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಮುಗಿದಾಗ ಗೆಳೆಯರೊಂದಿಗೆ ನಗುತ್ತಿರುತ್ತಾಳೆ. ನಾಲ್ಕು ನಿಮಿಷದಲ್ಲಿ ನಾಲ್ಕು ತಿಂಗಳು. ಈ ಜಾತಿಯ ಸಿನಿಮಾಗಳಲ್ಲಿ ಇಂಥ ಒಂದು ಹಾಡು ಇದ್ದೇ ಇರುತ್ತದೆ, ಅಪಾಯ ಇರುವುದೂ ಅಲ್ಲೇ. ದುಃಖದಲ್ಲಿರುವ ಮಗು ಅದನ್ನು ನೋಡಿ, ಎಲ್ಲರಿಗೂ ಹಾಡು ಮುಗಿಯುವಷ್ಟರಲ್ಲಿ ಸರಿಹೋಗುತ್ತದೆ, ನನಗೊಬ್ಬನಿಗೇ ಇಲ್ಲ ಎಂದುಕೊಳ್ಳುತ್ತದೆ. ನೀರಿನ ದೃಶ್ಯವನ್ನು ದಾಟಿಸಬಹುದು. ಈ ಹಾಡನ್ನು ದಾಟಿಸಬಾರದು, ಬಿಚ್ಚಬೇಕು.

ಹಾಡಿಗೆ ಮೊದಲೇ ನಿಲ್ಲಿಸಿ 16 ಚೀಟಿ ಹಂಚಿದರು, ವಾರಕ್ಕೊಂದು. ಆ ವಾರದ ಸೋಮವಾರ ಬೆಳಿಗ್ಗೆ ಅವಳು ಏನು ಮಾಡಿದಳು ಎಂದು ಎರಡೇ ಸಾಲು ಬರೆಯಬೇಕು, ಹೆಸರು ಹಾಕಬಾರದು. ದಡದ ಹುಡುಗ ಮೊದಲೆರಡು ದಿನ ಬಂದಿರಲಿಲ್ಲ. ಬರಬೇಕಾಗಿಲ್ಲ ಎಂದು ಹೇಳಿದ್ದರಿಂದಲೇ ಮೂರನೇ ದಿನ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಅವನೂ ಒಂದು ಚೀಟಿ ತೆಗೆದುಕೊಂಡ.

2ನೇ ವಾರ: "ಟಿಫನ್ ಬಾಕ್ಸ್ ತೆಗೆದಳು. ಮುಚ್ಚಿದಳು." 7ನೇ ವಾರ: "ಜೋರಾಗಿ ನಕ್ಕಳು. ಆಮೇಲೆ ಯಾಕೆ ನಕ್ಕೆ ಅಂತ ಬಾತ್‌ರೂಮಿಗೆ ಹೋಗಿ ಅತ್ತಳು." 12ನೇ ವಾರ: "ಅವತ್ತು ನೆನಪೇ ಆಗಲಿಲ್ಲ. ಸಂಜೆ ನೆನಪಾಗಿ ಭಯ ಆಯ್ತು." 5ನೇ ವಾರದ ಚೀಟಿಯಲ್ಲಿ ಇದ್ದದ್ದು: "ಈಗ ಯಾರೂ ಅವನ ಬಗ್ಗೆ ಕೇಳುತ್ತಿಲ್ಲ." ಸಿನಿಮಾದಲ್ಲಿ ಸತ್ತದ್ದು ಹುಡುಗಿ. ಓದುತ್ತಿದ್ದ ಉಪನ್ಯಾಸಕರು "ಅವನ" ಎಂಬುದನ್ನು ತಿದ್ದದೆ ಹಾಗೆಯೇ ಓದಿದರು. ಅದು ಸರಿಯಾದ ಕೆಲಸ.

ಚೀಟಿಗಳನ್ನು ಸಾಲಾಗಿ ಜೋಡಿಸಿದರೆ ನೇರ ಏರಿಕೆ ಕಾಣಲಿಲ್ಲ. ಒಂದು ವಾರ ಮೇಲೆ, ಇನ್ನೊಂದು ವಾರ ಕೆಳಗೆ. ಶೋಕದ ಬಗ್ಗೆ ಅಧ್ಯಯನ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದ್ದು ಇದನ್ನೇ: ದುಃಖಿಸುವವರು ಅಗಲಿದವರ ನೆನಪಿಗೂ ಮುಂದಿನ ಬದುಕಿನ ಕೆಲಸಕ್ಕೂ ನಡುವೆ ತೂಗಾಡುತ್ತಿರುತ್ತಾರೆ, ಆ ತೂಗಾಟವೇ ಆರೋಗ್ಯ. ಕಾಲೇಜಿನ ಫಲಕದ ಮೇಲೆ ಅಷ್ಟರಲ್ಲಿ ಯಾರೋ "ದುಃಖದ ಐದು ಹಂತಗಳು" ಎಂಬ ಚಾರ್ಟ್ ಅಂಟಿಸಿದ್ದರು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳನ್ನು ಕಂಡು, ಆಪ್ತರನ್ನು ಕಳೆದುಕೊಂಡವರನ್ನು ಕಂಡಲ್ಲ. ಮೂರನೇ ಹಂತದಲ್ಲಿದ್ದೇನೋ ನಾಲ್ಕನೆಯದರಲ್ಲೋ ಎಂದು ಮಕ್ಕಳು ತಮ್ಮನ್ನು ತಾವೇ ಅಳೆದುಕೊಳ್ಳತೊಡಗಿದ್ದರು. ಚಾರ್ಟ್ ತೆಗೆದು ಆ ಜಾಗದಲ್ಲಿ 14416 ಮತ್ತು 1098 ಎಂಬ ಎರಡು ಸಂಖ್ಯೆಗಳನ್ನು ಅಂಟಿಸಿದರು. ಮೊದಲನೆಯದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತನಾಡಬಹುದು. ಎರಡನೆಯದು ಮಕ್ಕಳ ಸಹಾಯವಾಣಿ.

ರೆಕಾರ್ಡ್ ಪುಸ್ತಕ

ತೀರಿಕೊಂಡ ಹುಡುಗನ ಭೌತಶಾಸ್ತ್ರದ ಲ್ಯಾಬ್ ರೆಕಾರ್ಡ್ ಪ್ರಯೋಗಾಲಯದ ಬೀರುವಿನಲ್ಲೇ ಇತ್ತು. ಉಳಿದ ಪ್ರಯೋಗಗಳನ್ನು ತಾವು ಬರೆದು ಮುಗಿಸಿ ಅವನ ಮನೆಗೆ ಕೊಡುತ್ತೇವೆಂದು ಮಕ್ಕಳು ಕೇಳಿದರು. ಓಣಿಯ ಹುಡುಗಿ ಬೇಡವೆಂದಳು: "ಅವ್ನ ಅಕ್ಷರ ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ಇರ್ಲಿ." ಹಾಗೇ ಕೊಟ್ಟರು. ನಾಲ್ವರು ಹೋಗಿದ್ದರು, ಈ ಸಲ ಅವಳೂ ಹೋದಳು, ಅವಳ ತಾಯಿಯೇ ಜೊತೆಗೆ ಬಂದರು. ಹುಡುಗನ ತಾಯಿ ಕೊನೆಯ ಪುಟ ತೆರೆದು, ಅರ್ಧ ಎಳೆದ ಚಿತ್ರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಮೀಟರ್ ಬ್ರಿಡ್ಜ್ ಅಮ್ಮಾ, ತಂತಿ ಮೇಲೆ ಜಾಕಿ ಸರಿಸ್ತಾ ಹೋಗ್ಬೇಕು, ಮುಳ್ಳು ಸೊನ್ನೆಗೆ ಬಂದಲ್ಲಿ ನಿಲ್ಲಿಸಿ ಅಳತೆ ಬರ್ಕೋಬೇಕು ಎಂದು ದಡದ ಹುಡುಗ ಪೂರ್ತಿ ಪ್ರಯೋಗವನ್ನು ವಿವರಿಸಿದ. ಆ ಮನೆಗೆ ಹೋಗಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ತಪ್ಪಿಹೋದವನು

ಈ ಪ್ರಕರಣದ ದೊಡ್ಡ ಲೋಪ ಹಾಸ್ಟೆಲ್ ಹುಡುಗ. ಜಗಳೂರು ಕಡೆಯವನು. ನಾಲೆಯ ಬಳಿ ಅವನೂ ಇದ್ದ. ಸಾವಿನ ನಂತರ ಅವನ ಅಂಕ ಏರಿತು. ರಾತ್ರಿ ಎರಡರ ತನಕ ಓದುತ್ತಾನೆಂದು ವಾರ್ಡನ್ ಹೊಗಳುತ್ತಿದ್ದರು. ಸಿನಿಮಾಕ್ಕೆ ಅವನು ಹೆಸರು ಕೊಡಲಿಲ್ಲ, ಕೊಡದವರನ್ನು ಯಾರೂ ಕೇಳಲಿಲ್ಲ. ಅವನು ಓದುತ್ತಿದ್ದದ್ದು ನಿದ್ದೆ ಬಾರದ್ದಕ್ಕೆ ಎಂದು ಗೊತ್ತಾಗಿದ್ದು ನವೆಂಬರಿನಲ್ಲಿ, ಅದೂ ಕೋಣೆಯ ಗೆಳೆಯನಿಂದ. ಹಾಸ್ಟೆಲಿನ ಸ್ನಾನದ ಮನೆಯ ತೊಟ್ಟಿಯಲ್ಲಿ ನೀರು ತುಂಬಿದ್ದರೆ ಇವನು ಒಳಗೆ ಕಾಲಿಡುತ್ತಿರಲಿಲ್ಲ. ತೊಟ್ಟಿ ಖಾಲಿಯಾಗುವವರೆಗೆ ಕಾದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ, ಕೆಲವು ದಿನ ಹೋಗುತ್ತಲೇ ಇರಲಿಲ್ಲ.

ಘಟನೆಯ ಜಾಗದಲ್ಲಿದ್ದ ಪ್ರತಿಯೊಬ್ಬರ ಹೆಸರನ್ನೂ ಮೊದಲ ದಿನವೇ ಬರೆದಿಟ್ಟು, ಚೆನ್ನಾಗಿದ್ದಾರೆಂದು ಕಂಡರೂ ಎರಡನೇ ವಾರ, ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು ಒಬ್ಬೊಬ್ಬರನ್ನೇ ಕೂರಿಸಿ ನಿದ್ದೆ, ಊಟ, ಸ್ನಾನದ ಬಗ್ಗೆ ಕೇಳಿದ್ದರೆ ಇದು ಸೆಪ್ಟೆಂಬರಿನಲ್ಲೇ ತಿಳಿಯುತ್ತಿತ್ತು. ಮಕ್ಕಳಲ್ಲಿ ಆರು ತಿಂಗಳು ಕಳೆದರೂ ತೀವ್ರ ಹಂಬಲ ಬಿಡದೆ ದಿನದ ಬದುಕು ನಿಂತುಹೋಗಿದ್ದರೆ ಅದನ್ನು ದೀರ್ಘಕಾಲದ ಶೋಕದ ಕಾಯಿಲೆ ಎಂದು ವೈದ್ಯರು ಪರಿಶೀಲಿಸುತ್ತಾರೆ. ನಿದ್ದೆ ಕೆಟ್ಟು, ನೀರು ಕಂಡರೆ ಹಿಂಜರಿಯುವ ಇವನಂಥವರ ವಿಷಯದಲ್ಲಿ ಅಷ್ಟು ದಿನ ಕಾಯುವ ಅಗತ್ಯವೇ ಇಲ್ಲ.

ಟೆಲಿ ಮಾನಸ್‌ಗೆ ಮೊದಲ ಕರೆ ವಾರ್ಡನ್ ಕೋಣೆಯಿಂದ ಹೋಯಿತು, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದಾನೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ರಾತ್ರಿ ಐದು ಗಂಟೆ ನಿದ್ದೆ ಬರುತ್ತಿತ್ತು. ಸಿನಿಮಾ ನೋಡಿಲ್ಲ, ನೋಡು ಎಂದು ಯಾರೂ ಹೇಳಿಲ್ಲ. ಈಗ ಬೆಳಿಗ್ಗೆ ಆರಕ್ಕೆಲ್ಲ ಕೋಣೆಯ ಗೆಳೆಯ ಮೊದಲು ಎದ್ದುಹೋಗಿ, ತೊಟ್ಟಿಯಿಂದ ಒಂದು ಬಕೆಟ್ ನೀರು ತುಂಬಿ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದು ಇವನನ್ನು ಎಬ್ಬಿಸುತ್ತಾನೆ.